ಊಟ ಆಯ್ತಾ? ಎಷ್ಟು ಗಂಟೆಗೆ? – ಹಸಿವು, ಹಾರ್ಮೋನು ಮತ್ತು ನಿಮ್ಮ ಹೃದಯ



ಈ ಸಲದ ವಿಷಯ ಹಸಿವು. "ಹೃದಯದ ಡಾಕ್ಟರಿಗೂ ಹಸಿವಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಅದನ್ನು ಒಬ್ಬ ರೋಗಿಯ ಕಥೆಯಿಂದಲೇ ಶುರು ಮಾಡುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರಾಯಚೂರು ಕಡೆಯವರು, ವಯಸ್ಸು 38. ನಮ್ಮ ಎಷ್ಟೋ ಹುಡುಗರ ಹಾಗೆ ಡಿಗ್ರಿ ಮುಗಿಸಿ ಅಮೀರ್‌ಪೇಟ್‌ಗೆ ಸಾಫ್ಟ್‌ವೇರ್ ಕೋರ್ಸ್ ಮಾಡಲು ಬಂದವರು. ಮೈತ್ರಿವನಂ ಸುತ್ತಮುತ್ತ ಕೋಚಿಂಗ್, ಎಸ್.ಆರ್. ನಗರದಲ್ಲಿ ಹಾಸ್ಟೆಲ್, ಆಮೇಲೆ ಹೈಟೆಕ್ ಸಿಟಿಯಲ್ಲಿ ಕೆಲಸ. ಅಮೆರಿಕದ ಗ್ರಾಹಕರಿಗೆ ಸಪೋರ್ಟ್, ಅಂದರೆ ಸುಮಾರು ಹತ್ತು ವರ್ಷ ರಾತ್ರಿ ಪಾಳಿ. ಒಂದು ರಾತ್ರಿ ಒಂದು ಗಂಟೆಗೆ ಎಂದಿನಂತೆ ಬಿರಿಯಾನಿ ತರಿಸಿ ಉಂಡರು. ಮೂರು ಗಂಟೆಗೆ ಎದೆ ಹಿಂಡಿದಂತಾಯಿತು, ಮೈ ಬೆವರಿತು. "ಗ್ಯಾಸ್ ಇರಬೇಕು" ಎಂದು ಅಸಿಡಿಟಿ ಮಾತ್ರೆ ನುಂಗಿದರು. ಒಂದು ಸೋಡಾ ಕುಡಿದರು. ಪಾಳಿ ಮುಗಿಸಿ, ಮನೆಗೆ ಹೋಗಿ, ಹೆಂಡತಿ ಒತ್ತಾಯ ಮಾಡಿದ ಮೇಲೆ ಆಸ್ಪತ್ರೆಗೆ ಬಂದಾಗ ಬೆಳಗಿನ ಒಂಬತ್ತು. ಇಸಿಜಿಯಲ್ಲಿ ದೊಡ್ಡ ಹಾರ್ಟ್ ಅಟ್ಯಾಕ್. ಆರು ಗಂಟೆ ಕೈಬಿಟ್ಟು ಹೋಗಿತ್ತು. ಸ್ಟೆಂಟ್ ಹಾಕಿದೆವು, ಜೀವ ಉಳಿಯಿತು. ಆದರೆ ಹೃದಯದ ಪಂಪಿಂಗ್ ಮೊದಲಿನಷ್ಟು ಇಲ್ಲ.

ಆ ಒಂದು ಬಿರಿಯಾನಿಯಿಂದ ಹಾರ್ಟ್ ಅಟ್ಯಾಕ್ ಆಗಲಿಲ್ಲ. ಸಿಗರೇಟು ಇತ್ತು, ಗೊತ್ತಿಲ್ಲದ ಬಿ.ಪಿ. ಇತ್ತು, ಶುಗರ್ ಗಡಿಯಲ್ಲಿತ್ತು, ಹೊಟ್ಟೆಯ ಬೊಜ್ಜು ಇತ್ತು. ಆದರೆ ತಿಂಗಳ ನಂತರ ತಪಾಸಣೆಗೆ ಬಂದಾಗ ಅವರು ತಲೆ ತಗ್ಗಿಸಿಕೊಂಡು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದಿದೆ: "ಸರ್, ರಾತ್ರಿ ಒಂದು ಆತಂದ್ರ ಸಾಕು, ಹೊಟ್ಟಿ ಚುರುಚುರು ಅಂತೈತ್ರಿ. ತಡ್ಕೊಳ್ಳಾಕ ಆಗಂಗಿಲ್ಲ. ನನ್ನ ಮನಸ್ಸು ಅಷ್ಟು ವೀಕ್ ಐತೇನ್ರಿ?"

ಇಲ್ಲ. ಅವರ ಮನಸ್ಸು ವೀಕ್ ಅಲ್ಲ. ಆ ಹಸಿವನ್ನು ಹುಟ್ಟಿಸುತ್ತಿದ್ದದ್ದು ಅವರ ಮೆದುಳು ಮತ್ತು ಹಾರ್ಮೋನುಗಳು. ಅದು ಹೇಗೆ ಎಂದು ಅರ್ಥವಾದರೆ ಅದನ್ನು ತಿದ್ದುವ ದಾರಿಯೂ ಕಾಣುತ್ತದೆ.

*1. ಹಸಿವು ಹುಟ್ಟುವುದು ಎಲ್ಲಿ?*

ಹೊಟ್ಟೆ ಖಾಲಿಯಾದರೆ ಹಸಿವು, ತುಂಬಿದರೆ ಸಾಕು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಹಸಿವಿನ ಮುಖ್ಯ ಕಚೇರಿ ಇರುವುದು ಮೆದುಳಿನ ಬುಡದಲ್ಲಿ. ಅದರ ಹೆಸರು ಹೈಪೊಥಾಲಮಸ್. ಗಾತ್ರದಲ್ಲಿ ಒಂದು ಬಾದಾಮಿಯಷ್ಟು. ಮೈಯ ಬಿಸಿ, ಬಾಯಾರಿಕೆ, ನಿದ್ದೆ, ಹಸಿವು ಎಲ್ಲದರ ಲೆಕ್ಕ ಇಡುವ ಜಾಗ ಅದು.

ಇದನ್ನು ಕಂಡುಹಿಡಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. 1951ರಲ್ಲಿ ಡಾ. ಬಾಲ ಕೃಷ್ಣ ಆನಂದ್ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಜೊತೆ ಒಂದು ಪ್ರಯೋಗ ಮಾಡಿದರು. ಇಲಿಗಳ ಹೈಪೊಥಾಲಮಸ್‌ನ ಎರಡೂ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆಯಷ್ಟು ಭಾಗವನ್ನು ನಾಶ ಮಾಡಿದಾಗ ಆ ಇಲಿಗಳು ಊಟವನ್ನೇ ಬಿಟ್ಟವು. ಎದುರಿಗೆ ಆಹಾರ ಇದ್ದರೂ ಮುಟ್ಟಲಿಲ್ಲ. ಅದಕ್ಕೂ ಮೊದಲು, 1940ರಲ್ಲಿ, ಬೇರೆ ವಿಜ್ಞಾನಿಗಳು ಹೈಪೊಥಾಲಮಸ್‌ನ ನಡು ಭಾಗಕ್ಕೆ ಪೆಟ್ಟಾದರೆ ಪ್ರಾಣಿಗಳು ಮಿತಿಯಿಲ್ಲದೆ ತಿಂದು ದಪ್ಪಗಾಗುತ್ತವೆ ಎಂದು ತೋರಿಸಿದ್ದರು. ಡಾ. ಆನಂದ್ ಆಮೇಲೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಜ್ಞಾನ ವಿಭಾಗವನ್ನು ಕಟ್ಟಿದರು.

ಈಗ ನಮಗೆ ಇನ್ನೂ ಸೂಕ್ಷ್ಮವಾಗಿ ಗೊತ್ತಿದೆ. ಹೈಪೊಥಾಲಮಸ್‌ನಲ್ಲಿ ಅಕ್ಕಪಕ್ಕದಲ್ಲೇ ಎರಡು ಬಗೆಯ ನರಕೋಶಗಳಿವೆ. ಒಂದು ಬಗೆ "ಉಣ್ಣು" ಎನ್ನುತ್ತದೆ. ಇನ್ನೊಂದು "ಸಾಕು" ಎನ್ನುತ್ತದೆ. ಇವೆರಡೂ ತಾವಾಗಿಯೇ ತೀರ್ಮಾನ ಮಾಡುವುದಿಲ್ಲ. ಹೊಟ್ಟೆ, ಕರುಳು, ಕೊಬ್ಬು, ಮೇದೋಜ್ಜೀರಕ ಗ್ರಂಥಿ ಕಳುಹಿಸುವ ಸುದ್ದಿ ನೋಡಿ ಯಾರ ಮಾತು ಮೇಲಾಗಬೇಕು ಎಂಬುದು ನಿರ್ಧಾರವಾಗುತ್ತದೆ. ಆ ಸುದ್ದಿ ಒಯ್ಯುವವೇ ಹಾರ್ಮೋನುಗಳು ಮತ್ತು ನರಗಳು.

*2. ಊಟದ ಗಂಟೆ ಮತ್ತು ಊರಿನ ಹಗೇವು*

ಎರಡು ಹೆಸರು ನೆನಪಿಟ್ಟುಕೊಳ್ಳಿ: ಗ್ರೆಲಿನ್ ಮತ್ತು ಲೆಪ್ಟಿನ್.

ಗ್ರೆಲಿನ್ ಹಸಿವಿನ ಹಾರ್ಮೋನು. ಮುಖ್ಯವಾಗಿ ಜಠರದಲ್ಲಿ ತಯಾರಾಗುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಇದನ್ನು ಕಂಡುಹಿಡಿದರು. ಶಾಲೆಯಲ್ಲಿ ಊಟದ ಗಂಟೆ ಹೊಡೆದ ಹಾಗೆ ಇದರ ಕೆಲಸ. ಊಟಕ್ಕೆ ಮುಂಚೆ ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಮುಖ್ಯ ಮಾತು ಏನೆಂದರೆ, ಈ ಗಂಟೆ ಹೊಡೆಯುವುದು ಹೊಟ್ಟೆ ಖಾಲಿಯಾದಾಗ ಮಾತ್ರ ಅಲ್ಲ. *ನೀವು ದಿನಾ ಉಣ್ಣುವ ಹೊತ್ತಿಗೆ* ಅದು ಹೊಡೆಯುವುದನ್ನು ಕಲಿಯುತ್ತದೆ. ಹಳ್ಳಿಯಲ್ಲಿ ರಾತ್ರಿ ಏಳೂವರೆಗೆ ಉಣ್ಣುತ್ತಿದ್ದ ಹುಡುಗನಿಗೆ ಏಳಕ್ಕೆ ಹಸಿವಾಗುತ್ತಿತ್ತು. ಅದೇ ಹುಡುಗ ಇಲ್ಲಿ ದಿನಾ ರಾತ್ರಿ ಒಂದಕ್ಕೆ ಉಂಡರೆ ಕೆಲವು ವಾರಗಳಲ್ಲಿ ಹನ್ನೆರಡೂವರೆಗೆ ಹೊಟ್ಟೆ ಚುರುಗುಟ್ಟುತ್ತದೆ. ನನ್ನ ರೋಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಅದು ಅಭ್ಯಾಸವಾದ ಹಸಿವು. ಅಭ್ಯಾಸವಾದದ್ದನ್ನು ಬಿಡಿಸಲೂಬಹುದು.

ಇನ್ನೊಂದು ಸಂಗತಿ. ಆ ಹೊತ್ತಿಗೆ ಉಣ್ಣದೆ ಇದ್ದರೆ ಹಸಿವು ಏರುತ್ತಲೇ ಹೋಗುವುದಿಲ್ಲ. ಸ್ವಲ್ಪ ಹೊತ್ತು ಕಾಡಿ ತಾನೇ ಇಳಿಯುತ್ತದೆ. ಉಪವಾಸ ಮಾಡಿದವರಿಗೆ ಇದರ ಅನುಭವ ಇದೆ: "ಆ ಹೊತ್ತು ದಾಟಿದ್ರೆ ಹಸಿವೇ ಆಗಲ್ಲ" ಎನ್ನುತ್ತಾರಲ್ಲ, ಅದು ಇದೇ.

ಇನ್ನು ಲೆಪ್ಟಿನ್. ಇದು ಕೊಬ್ಬಿನ ಕೋಶಗಳಿಂದ ಬರುತ್ತದೆ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್ಮನ್ ತಂಡ ಇದರ ಜೀನ್ ಕಂಡುಹಿಡಿಯಿತು. ಗ್ರೆಲಿನ್ ಹೊತ್ತಿನ ಲೆಕ್ಕ ಹೇಳಿದರೆ, ಲೆಪ್ಟಿನ್ ದಾಸ್ತಾನಿನ ಲೆಕ್ಕ ಹೇಳುತ್ತದೆ. ನಮ್ಮ ಕಡೆ ಜೋಳ ತುಂಬಿಡುತ್ತಿದ್ದ ಹಗೇವು ನೆನಪಿದೆಯಾ? ಹಗೇವಿನಲ್ಲಿ ಜೋಳ ಇದೆ ಎಂದು ಗೊತ್ತಿದ್ದರೆ ಮನೆಯ ಯಜಮಾನಿಗೆ ನೆಮ್ಮದಿ. "ಹಗೇವು ತುಂಬಿದೆ, ಗಾಬರಿ ಬೇಡ" ಎಂದು ಕೊಬ್ಬು ಮೆದುಳಿಗೆ ಕಳುಹಿಸುವ ಸುದ್ದಿಯೇ ಲೆಪ್ಟಿನ್. ಅದು ಕಡಿಮೆಯಾದರೆ ಮೆದುಳು ಬರಗಾಲ ಬಂತೆಂದು ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ಕಟ್ಟುನಿಟ್ಟಿನ ಡಯಟ್ ಮಾಡಿ ತೂಕ ಇಳಿಸಿದವರಿಗೆ ಮತ್ತೆ ಹಸಿವು ಹೆಚ್ಚುವುದು ಇದರಿಂದಲೇ.

ಹಾಗಾದರೆ ದಪ್ಪ ಇರುವವರಲ್ಲಿ ಲೆಪ್ಟಿನ್ ಜಾಸ್ತಿ ಇರಬೇಕಲ್ಲ, ಅವರಿಗೆ ಹಸಿವು ಕಡಿಮೆ ಆಗಬೇಕಲ್ಲ? ಲೆಪ್ಟಿನ್ ಜಾಸ್ತಿ ಇರುವುದು ನಿಜ. ಆದರೆ ಮೆದುಳು ಅದರ ಮಾತು ಕೇಳುವುದನ್ನು ಕಡಿಮೆ ಮಾಡಿರುತ್ತದೆ. ಹಗೇವು ತುಂಬಿ ತುಳುಕುತ್ತಿದ್ದರೂ ಸುದ್ದಿ ಯಜಮಾನಿಯ ಕಿವಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಆದ್ದರಿಂದ ದಪ್ಪ ಇರುವವರನ್ನು "ತಿಂಡಿಪೋತ" ಎಂದು ಹೀಯಾಳಿಸಬೇಡಿ. ಇಂಗ್ಲೆಂಡಿನ ಕೇಂಬ್ರಿಜ್ ವೈದ್ಯರು ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಒಬ್ಬ ಹುಡುಗಿಗೆ ಚಿಕಿತ್ಸೆ ಕೊಟ್ಟ ವರದಿ 1999ರಲ್ಲಿ ಬಂತು. 9 ವರ್ಷಕ್ಕೇ ಅವಳ ತೂಕ 90 ಕೆ.ಜಿ. ದಾಟಿತ್ತು, ಎಷ್ಟು ತಿಂದರೂ ಹಸಿವು. ಲೆಪ್ಟಿನ್ ಇಂಜೆಕ್ಷನ್ ಶುರು ಮಾಡಿದ ಮೇಲೆ ಹಸಿವು ಇಳಿಯಿತು, ತೂಕವೂ ಇಳಿಯಿತು. ಇಂಥ ಕಾಯಿಲೆ ತೀರಾ ಅಪರೂಪ. ಆದರೆ ಹಸಿವು ಬರೀ ಮನೋಬಲದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

*3. "ಸಾಕು" ಎನ್ನುವುದು ಯಾರು?*

ಉಣ್ಣಲು ಕುಳಿತಾಗ ಜಠರ ಹಿಗ್ಗುತ್ತದೆ. ಆ ಸುದ್ದಿ ವೇಗಸ್ ಎಂಬ ನರದ ಮೂಲಕ ಮೆದುಳಿಗೆ ಹೋಗುತ್ತದೆ. ಆಹಾರ ಸಣ್ಣ ಕರುಳಿಗೆ ಇಳಿದಾಗ, ಅದರಲ್ಲೂ ಪ್ರೋಟೀನು ಮತ್ತು ಕೊಬ್ಬು ಇದ್ದರೆ, ಕರುಳು ಸಿ.ಸಿ.ಕೆ. ಎಂಬ ಹಾರ್ಮೋನು ಬಿಡುತ್ತದೆ. ಇನ್ನೂ ಕೆಳಗಿನ ಭಾಗದಿಂದ ಜಿ.ಎಲ್.ಪಿ.-1 ಮತ್ತು ಪಿ.ವೈ.ವೈ. ಬರುತ್ತವೆ. ಇವೆಲ್ಲ ಸೇರಿ "ಸಾಕು" ಎನ್ನುತ್ತವೆ. ಈ ಮಾತು ಮೆದುಳಿಗೆ ಸರಿಯಾಗಿ ಮುಟ್ಟಲು ಸುಮಾರು 15–20 ನಿಮಿಷ ಬೇಕು. ಹಾಸ್ಟೆಲ್ ಮೆಸ್ಸಿನಲ್ಲಿ ಫೋನ್ ನೋಡುತ್ತಾ ಐದು ನಿಮಿಷಕ್ಕೆ ತಟ್ಟೆ ಖಾಲಿ ಮಾಡಿದರೆ, "ಸಾಕು" ಎಂಬ ಸುದ್ದಿ ಬರುವಷ್ಟರಲ್ಲಿ ಎರಡನೇ ಸಲ ಅನ್ನ ಬಡಿಸಿಕೊಂಡಾಗಿರುತ್ತದೆ.

ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರು ಕಾಳು ಉಂಡರೆ ಬೇಗ ತೃಪ್ತಿಯಾಗುವುದೂ ಇದೇ ಕಾರಣಕ್ಕೆ. ರೊಟ್ಟಿಯನ್ನು ಅಗಿಯಬೇಕು, ಹೊತ್ತು ಹಿಡಿಯುತ್ತದೆ. ನಾರು ಇದೆ, ಕಾಳಿನಲ್ಲಿ ಪ್ರೋಟೀನು ಇದೆ. 2019ರಲ್ಲಿ ಅಮೆರಿಕದಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯ ಸಿದ್ಧ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟು ನೋಡಿದರು. ಬೇಕಾದಷ್ಟು ತಿನ್ನಿ ಎಂದಿದ್ದರು. ಸಿದ್ಧ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಯಾರೂ ಬೇಕೆಂದು ಹೆಚ್ಚು ತಿಂದವರಲ್ಲ. "ಸಾಕು" ಎನ್ನುವ ವ್ಯವಸ್ಥೆಗೆ ಆ ಆಹಾರ ಬೇಗ ಸಿಗಲಿಲ್ಲ, ಅಷ್ಟೆ.

ಇದರ ಜೊತೆಗೆ ರುಚಿಯ ಆಸೆ ಬೇರೆ. ಹೊಟ್ಟೆ ತುಂಬಿದ ಮೇಲೂ ಡಬಲ್ ಕಾ ಮೀಠಾ ಕಂಡರೆ ಬಾಯಲ್ಲಿ ನೀರೂರುತ್ತದೆ. ಅದು ಹಸಿವಲ್ಲ, ಮೆದುಳಿನ ಖುಷಿಯ ದಾರಿಯ ಕೆಲಸ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಬರುವ ಆಫರ್ ಸಂದೇಶ ತಟ್ಟುವುದು ಇದೇ ಬಾಗಿಲನ್ನು.

*4. ಮೈಯೊಳಗಿನ ಗಡಿಯಾರ*

ಹೈಪೊಥಾಲಮಸ್‌ನಲ್ಲೇ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದೇ ನಮ್ಮ ಮುಖ್ಯ ಗಡಿಯಾರ. ಬೆಳಕು ನೋಡಿ ಹಗಲು-ರಾತ್ರಿ ಹೊಂದಿಸಿಕೊಳ್ಳುತ್ತದೆ. ಕೋಶಗಳ ಒಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಗಡಿಯಾರ ಮೆದುಳಿನಲ್ಲಿ ಮಾತ್ರ ಇಲ್ಲ. ಲಿವರ್, ಮೇದೋಜ್ಜೀರಕ ಗ್ರಂಥಿ, ಹೃದಯ, ಕೊಬ್ಬು – ಎಲ್ಲಕ್ಕೂ ತಮ್ಮ ತಮ್ಮ ಗಡಿಯಾರ ಇದೆ. ಮುಖ್ಯ ಗಡಿಯಾರ ಬೆಳಕಿನ ಮಾತು ಕೇಳಿದರೆ, ಲಿವರಿನಂಥ ಅಂಗಗಳ ಗಡಿಯಾರ *ಊಟದ ಹೊತ್ತಿನ* ಮಾತನ್ನೂ ಕೇಳುತ್ತದೆ. ನೀವು ನಡುರಾತ್ರಿ ಉಂಡರೆ ಮೆದುಳು "ರಾತ್ರಿ" ಎನ್ನುತ್ತದೆ, ಲಿವರು "ಹಗಲು" ಎನ್ನುತ್ತದೆ. ಒಂದೇ ಮನೆಯಲ್ಲಿ ಒಂದೊಂದು ಕೋಣೆಯ ಗಡಿಯಾರ ಒಂದೊಂದು ಹೊತ್ತು ತೋರಿಸಿದ ಹಾಗೆ.

ರಾತ್ರಿ ಹೊತ್ತು ಮೈಗೆ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕಡಿಮೆ. ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಏರಿದಾಗ ಇನ್ಸುಲಿನ್ ಬಿಡುಗಡೆ ತಗ್ಗುತ್ತದೆ. ಬೆಳಿಗ್ಗೆ ಎಂಟಕ್ಕೆ ತಿಂದ ಅದೇ ನಾಲ್ಕು ಇಡ್ಲಿಯನ್ನು ನಡುರಾತ್ರಿ ತಿಂದರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಬೇಕು.

ಇನ್ನೊಂದು ಕುತೂಹಲದ ವಿಷಯ. ಊಟ-ನಿದ್ದೆಯ ಪ್ರಭಾವ ಬೇರ್ಪಡಿಸಿ ನೋಡಿದರೂ ಮನುಷ್ಯನ ಹಸಿವಿಗೆ ಒಂದು ಸ್ವಂತ ಲಯ ಇದೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಬೆಳಿಗ್ಗೆ ಎಂಟರ ಸುಮಾರಿಗೆ ಹಸಿವು ಅತಿ ಕಡಿಮೆ, ರಾತ್ರಿ ಎಂಟರ ಸುಮಾರಿಗೆ ಅತಿ ಹೆಚ್ಚು. ಸಂಜೆ ಮಿರ್ಚಿ ಬಜ್ಜಿ ಬಂಡಿ ನಮ್ಮನ್ನು ಎಳೆಯುವುದು ಸುಮ್ಮನೆ ಅಲ್ಲ. ಇದು ಗೊತ್ತಿದ್ದರೆ ಸಂಜೆಗೆ ಮೊದಲೇ ತಯಾರಿ ಮಾಡಿಕೊಳ್ಳಬಹುದು.

*5. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ*

2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಬರೀ 4 ಗಂಟೆ ಮಲಗಲು ಬಿಟ್ಟರು. ಇನ್ನೊಂದು ಸಲ ಎರಡು ರಾತ್ರಿ 10 ಗಂಟೆ ಬಿಟ್ಟರು. ನಿದ್ದೆ ಕಡಿಮೆಯಾದಾಗ ಲೆಪ್ಟಿನ್ 18% ಇಳಿದಿತ್ತು, ಗ್ರೆಲಿನ್ 28% ಏರಿತ್ತು, ಹಸಿವು ಸುಮಾರು ಕಾಲು ಭಾಗ ಹೆಚ್ಚಿತ್ತು. ಅದರಲ್ಲೂ ಸಿಹಿ, ಉಪ್ಪು, ಅನ್ನ-ಬ್ರೆಡ್ಡಿನಂಥ ಆಹಾರದ ಆಸೆ ಹೆಚ್ಚು. ಎರಡೇ ರಾತ್ರಿಯಲ್ಲಿ!

2022ರ ಇನ್ನೊಂದು ಅಧ್ಯಯನದಲ್ಲಿ 16 ಜನರಿಗೆ ಅದೇ ಊಟ, ಅಷ್ಟೇ ಪ್ರಮಾಣ ಕೊಟ್ಟರು. ಹೊತ್ತು ಮಾತ್ರ ಸುಮಾರು ನಾಲ್ಕು ಗಂಟೆ ತಡ ಮಾಡಿದರು. ಹಸಿವು ಹೆಚ್ಚಾಯಿತು, ಲೆಪ್ಟಿನ್ ಇಳಿಯಿತು, ಮೈ ಖರ್ಚು ಮಾಡುವ ಶಕ್ತಿಯೂ ಸ್ವಲ್ಪ ಕಡಿಮೆಯಾಯಿತು. ಅಂದರೆ ತಡವಾಗಿ ಉಂಡವರಿಗೆ ಮರುದಿನ ಇನ್ನೂ ಹೆಚ್ಚು ಹಸಿವು. ಇದೊಂದು ಸುಳಿ.

*6. ಹೃದಯಕ್ಕೆ ಏನಾಗುತ್ತದೆ?*

ನಿದ್ದೆಯಲ್ಲಿ ಬಿ.ಪಿ. 10ರಿಂದ 20% ಇಳಿಯಬೇಕು. ಅದು ಹೃದಯ ಮತ್ತು ರಕ್ತನಾಳಗಳಿಗೆ ಸಿಗುವ ವಿಶ್ರಾಂತಿ. ನಿದ್ದೆಗೆಟ್ಟು, ನಡುರಾತ್ರಿ ಉಂಡು, ಮೂರು ಗಂಟೆಗೆ ಸಿಗರೇಟು ಸೇದಿದರೆ ಆ ವಿಶ್ರಾಂತಿ ಸಿಗುವುದಿಲ್ಲ. ರಕ್ತದ ಕೊಬ್ಬು, ಸಕ್ಕರೆ ಹೆಚ್ಚು ಹೊತ್ತು ಮೇಲೇ ಇರುತ್ತವೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳದ ಒಳಪದರ ಕೆಡುತ್ತದೆ.

2012ರಲ್ಲಿ 34 ಅಧ್ಯಯನಗಳ, ಸುಮಾರು 20 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಪಾಳಿ ಕೆಲಸ ಮಾಡುವವರಲ್ಲಿ ಹಾರ್ಟ್ ಅಟ್ಯಾಕ್ ಸಂಭವ 23% ಹೆಚ್ಚು ಕಂಡಿತು. ನಮಗೆ ಇದು ಇನ್ನೂ ಮುಖ್ಯ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಬೇರೆಯವರಿಗಿಂತ ಸುಮಾರು ಆರು ವರ್ಷ ಮುಂಚೆ, ಸರಾಸರಿ 53ರ ಸುಮಾರಿಗೆ, ಬರುತ್ತಿತ್ತು.

ಈಗ ಒಳ್ಳೆಯ ಸುದ್ದಿ. 2021ರಲ್ಲಿ ಬಾಸ್ಟನ್ನಿನಲ್ಲಿ 19 ಆರೋಗ್ಯವಂತರನ್ನು ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಯಂತೆ ಎಚ್ಚರವಿರಿಸಿದರು. ಒಂದು ಗುಂಪು ರಾತ್ರಿಯೂ ಉಂಡಿತು, ಇನ್ನೊಂದು ಹಗಲಲ್ಲಿ ಮಾತ್ರ. ರಾತ್ರಿ ಉಂಡವರ ಸಕ್ಕರೆ 6.4% ಏರಿತು. ಹಗಲಲ್ಲಿ ಮಾತ್ರ ಉಂಡವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಸಣ್ಣ ಅಧ್ಯಯನ, ನಿಜ. ಆದರೆ ಅದು ಹೇಳುವ ಮಾತು ದೊಡ್ಡದು: ಪಾಳಿ ಬದಲಿಸುವುದು ನಿಮ್ಮ ಕೈಯಲ್ಲಿ ಇಲ್ಲದಿರಬಹುದು, *ಊಟದ ಹೊತ್ತು ನಿಮ್ಮ ಕೈಯಲ್ಲಿದೆ.*

*7. ಹಾಗಾದರೆ ಏನು ಮಾಡಬೇಕು?*

*ರಾತ್ರಿ ಪಾಳಿಯವರಿಗೆ:*

✅ ಮುಖ್ಯ ಊಟ ಪಾಳಿಗೆ ಮುಂಚೆ, ರಾತ್ರಿ ಎಂಟರೊಳಗೆ ಮುಗಿಸಿ. ಅದರಲ್ಲಿ ಬೇಳೆ, ಕಾಳು, ಮೊಟ್ಟೆ ಅಥವಾ ಮೊಸರು ಇರಲಿ.

✅ ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರ ತನಕ ಭಾರದ ಊಟ ಬೇಡ. ತಡೆಯಲಾಗದಿದ್ದರೆ ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಹುರಿದ ಕಡಲೆ ಅಥವಾ ಒಂದು ಪೇರಲ ಹಣ್ಣು.

✅ ಇರಾನಿ ಚಾಯ್ ಮತ್ತು ಉಸ್ಮಾನಿಯಾ ಬಿಸ್ಕತ್ತೂ ಆಹಾರವೇ. "ಬರೀ ಚಹಾ ಕುಡಿದೆ" ಎಂದು ಲೆಕ್ಕದಿಂದ ಬಿಡಬೇಡಿ. ಪಾಳಿಯ ಕೊನೆಯ ನಾಲ್ಕೈದು ಗಂಟೆ ಚಹಾ-ಕಾಫಿ ಬಿಟ್ಟರೆ ಮನೆಗೆ ಹೋದ ಮೇಲೆ ನಿದ್ದೆ ಚೆನ್ನಾಗಿ ಬರುತ್ತದೆ.

✅ ಬೆಳಿಗ್ಗೆ ಹಗುರ ತಿಂಡಿ ತಿಂದು, ಕೋಣೆ ಕತ್ತಲೆ ಮಾಡಿ ಮಲಗಿ. ಮನೆಯವರೇ, ಆ ಹೊತ್ತಿನಲ್ಲಿ ಅವರನ್ನು ಎಬ್ಬಿಸಬೇಡಿ.

✅ ಮೊದಲ ಒಂದೆರಡು ವಾರ ಹಳೆಯ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತದೆ. ನೀರು ಕುಡಿದು, ಹತ್ತು ನಿಮಿಷ ಓಡಾಡಿ ಬನ್ನಿ. ಗಂಟೆ ಹೊಡೆದು ತಾನೇ ಸುಮ್ಮನಾಗುತ್ತದೆ. ಕೆಲವು ವಾರಗಳಲ್ಲಿ ಹೊಸ ಹೊತ್ತನ್ನು ಕಲಿಯುತ್ತದೆ.

*ಹಾಸ್ಟೆಲಿನಲ್ಲಿರುವ ಮಕ್ಕಳಿಗೆ:* ಬೆಳಿಗ್ಗೆ ಕ್ಲಾಸಿಗೆ ಓಡುವ ಗಡಿಬಿಡಿಯಲ್ಲಿ ತಿಂಡಿ ಬಿಟ್ಟು, ರಾತ್ರಿ ಅದನ್ನೆಲ್ಲ ಸೇರಿಸಿ ತಿನ್ನುವುದು ತೀರಾ ಸಾಮಾನ್ಯ. ಊರಿಂದ ಅವ್ವ ಕಟ್ಟಿ ಕಳುಹಿಸಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಟ್ರಂಕಿನಲ್ಲೇ ಇರುತ್ತದೆ, ಹುಡುಗ ಬೀದಿಯಲ್ಲಿ ನೂಡಲ್ಸ್ ತಿನ್ನುತ್ತಿರುತ್ತಾನೆ! ಎರಡು ರೊಟ್ಟಿ, ಹಿಂಡಿ, ಮೊಸರು: ಇದು ಹತ್ತು ನಿಮಿಷದ ಊಟ, ಒಲೆಯೂ ಬೇಡ. ಹಿಂಡಿಯಲ್ಲಿ ಉಪ್ಪು-ಎಣ್ಣೆ ಇದೆ, ಒಂದೆರಡು ಚಮಚ ಸಾಕು.

*ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ:* ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಊರಲ್ಲಿ ಏಳೂವರೆಗೆ ಉಣ್ಣುತ್ತಿದ್ದ ಅಪ್ಪ-ಅವ್ವ ಇಲ್ಲಿಗೆ ಬಂದ ಮೇಲೆ "ಮಗ ಬರಲಿ, ಕೂಡಿ ಉಣ್ಣೋಣ" ಎಂದು ಹತ್ತೂವರೆ ತನಕ ಕಾಯುತ್ತಾರೆ. ಆದರೆ ಶುಗರ್ ಮಾತ್ರೆಯನ್ನು ಮಾತ್ರ ಹಳೆಯ ಹೊತ್ತಿಗೇ, ಎಂಟಕ್ಕೆ, ನುಂಗಿರುತ್ತಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಡ ಮಾಡಿದರೆ ಶುಗರ್ ಒಮ್ಮೆಲೇ ಇಳಿದು ಬೆವರು, ನಡುಕ, ತಲೆ ಸುತ್ತು, ಎಚ್ಚರ ತಪ್ಪುವುದು ಆಗಬಹುದು. ಹೃದಯದ ಕಾಯಿಲೆ ಇರುವವರಿಗೆ ಇದು ಪ್ರಾಣಾಪಾಯ. ಮಗನ ಮೇಲಿನ ಪ್ರೀತಿಗೆ ಉಪವಾಸ ಬೇಡ. ನೀವು ನಿಮ್ಮ ಹೊತ್ತಿಗೆ ಉಣ್ಣಿ. ಮಗ ಬಂದಾಗ ಪಕ್ಕದಲ್ಲಿ ಕೂತು ಮಾತಾಡಿ, ಅಷ್ಟು ಸಾಕು.

*ಮನೆಯಲ್ಲಿ ಶಾಲೆಯ ಮಕ್ಕಳಿದ್ದರೆ:* ಟ್ಯೂಶನ್ ಮುಗಿಸಿ ಎಂಟೂವರೆಗೆ ಬರುವ ಮಗುವಿಗೆ ಸಂಜೆ ಐದಕ್ಕೇ ಗಟ್ಟಿ ತಿಂಡಿ ಕೊಡಿ. ಉಸುಳಿ, ಶೇಂಗಾ, ಮೊಟ್ಟೆ, ಹಣ್ಣು. ರಾತ್ರಿ ಹಗುರ ಊಟ. "ತಟ್ಟೆ ಖಾಲಿ ಮಾಡಲೇಬೇಕು" ಎಂದು ಗದರಬೇಡಿ. ಮಗುವಿನ "ಸಾಕು" ಎನ್ನುವ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ, ಅದನ್ನು ನಾವೇ ಕೆಡಿಸುವುದು ಬೇಡ.

ಎಲ್ಲರಿಗೂ ಒಂದು ಅಳತೆ: ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ನೋಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಮೂವತ್ತು ದಾಟಿದ ಪಾಳಿ ಕೆಲಸದವರು ಅಳತೆ ಎಷ್ಟಿದ್ದರೂ ವರ್ಷಕ್ಕೊಮ್ಮೆ ಮಾಡಿಸಿ.

*8. ಉಪವಾಸ ಮತ್ತು ಇಂಜೆಕ್ಷನ್ ಬಗ್ಗೆ*

"ಸರ್, 16 ಗಂಟೆ ಉಪವಾಸ ಮಾಡಿದರೆ ತೂಕ ಇಳಿಯುತ್ತದಂತೆ, ನಿಜವಾ?" ಎಂದು ತುಂಬಾ ಜನ ಕೇಳುತ್ತಾರೆ. 2022ರಲ್ಲಿ ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ಅಧ್ಯಯನ ನಡೆಯಿತು. ಎಲ್ಲರೂ ಕ್ಯಾಲೊರಿ ಕಡಿಮೆ ಮಾಡಿದರು, ಅರ್ಧದಷ್ಟು ಜನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ಒಳಗೆ ಮಾತ್ರ ಉಂಡರು. ಎರಡೂ ಗುಂಪಿನ ತೂಕ ಹೆಚ್ಚುಕಮ್ಮಿ ಒಂದೇ ರೀತಿ ಇಳಿಯಿತು. ಅಂದರೆ ಹೊತ್ತಿಗೆ ಮಾಂತ್ರಿಕ ಶಕ್ತಿ ಇಲ್ಲ, ಎಷ್ಟು ತಿನ್ನುತ್ತೀರಿ ಎಂಬುದೂ ಮುಖ್ಯ. ಹೊತ್ತು ಸರಿ ಇದ್ದರೆ ಹಸಿವು ಹಿಡಿತದಲ್ಲಿರುತ್ತದೆ, ಕಡಿಮೆ ತಿನ್ನುವುದು ಸುಲಭವಾಗುತ್ತದೆ. ಏಕಾದಶಿ ಇರಲಿ, ರಂಜಾನ್ ಇರಲಿ, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ.

ಇನ್ನು ತೂಕ ಇಳಿಸುವ ಇಂಜೆಕ್ಷನ್. ಮೇಲೆ ಹೇಳಿದ ಜಿ.ಎಲ್.ಪಿ.-1 ಹಾರ್ಮೋನನ್ನು ಅನುಕರಿಸುವ ಔಷಧಗಳಿವು. 2025ರಲ್ಲಿ ಮೌಂಜಾರೊ, ವೆಗೊವಿ ಭಾರತಕ್ಕೆ ಬಂದವು. ಮೆದುಳಿಗೆ "ಸಾಕು" ಎಂದು ಗಟ್ಟಿಯಾಗಿ ಹೇಳುವುದೇ ಇವುಗಳ ಕೆಲಸ. 2023ರಲ್ಲಿ ಬಂದ ಸೆಲೆಕ್ಟ್ ಅಧ್ಯಯನದಲ್ಲಿ, ಮೊದಲೇ ಹೃದಯ-ರಕ್ತನಾಳದ ಕಾಯಿಲೆ ಇದ್ದ 17,000ಕ್ಕೂ ಹೆಚ್ಚು ದಪ್ಪ ಮೈಯವರಲ್ಲಿ, ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯದ ಕಾರಣದ ಸಾವನ್ನು ಒಟ್ಟಾರೆ 20% ಕಡಿಮೆ ಮಾಡಿತು. ಒಳ್ಳೆಯ ಔಷಧ, ಆದರೆ ಎಲ್ಲರಿಗೂ ಅಲ್ಲ. ಬಿಟ್ಟರೆ ಹಸಿವು, ತೂಕ ಎರಡೂ ಮರಳುವುದು ಸಾಮಾನ್ಯ. ವಾಂತಿ, ಪಿತ್ತಕೋಶದ ಕಲ್ಲಿನಂಥ ತೊಂದರೆಗಳೂ ಇವೆ. ಗೆಳೆಯ ಹೇಳಿದ ಎಂದು ಕೊಂಡು ಚುಚ್ಚಿಕೊಳ್ಳಬೇಡಿ.

*9. ಈ ಲಕ್ಷಣ ಇದ್ದರೆ ಕಾಯಬೇಡಿ*

🔴 ಎದೆ ಹಿಂಡಿದಂತೆ, ಭಾರ ಇಟ್ಟಂತೆ, ಉರಿದಂತೆ ಆಗಿ 10–15 ನಿಮಿಷದಲ್ಲಿ ಹೋಗದಿದ್ದರೆ, ಜೊತೆಗೆ ಬೆವರು, ಉಸಿರಾಟದ ಕಷ್ಟ, ಎಡಗೈ ಅಥವಾ ದವಡೆ ನೋವು ಇದ್ದರೆ, ಅದು ಗ್ಯಾಸ್ ಎಂದು ನೀವೇ ತೀರ್ಮಾನ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಶುಗರ್ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವಿಲ್ಲದೆ ಬರೀ ಸುಸ್ತು, ವಾಂತಿ, ಉಬ್ಬಸವಾಗಿಯೂ ಹಾರ್ಟ್ ಅಟ್ಯಾಕ್ ಬರಬಹುದು.

🔴 ಊಟ ಮಾಡಿ ನಡೆದಾಗ ಎದೆ ಹಿಡಿದು, ನಿಂತರೆ ಹೋಗುತ್ತಿದ್ದರೆ ಆ ವಾರವೇ ಇಸಿಜಿ ಮಾಡಿಸಿ, ವೈದ್ಯರಿಗೆ ತೋರಿಸಿ.

🔴 ಹಸಿವು, ಬಾಯಾರಿಕೆ ಹೆಚ್ಚಾಗಿ ತೂಕ ಇಳಿಯುತ್ತಿದ್ದರೆ ಶುಗರ್ ಮತ್ತು ಥೈರಾಯ್ಡ್ ನೋಡಿಸಿ.

🔴 ಹಿರಿಯರಿಗೆ ವಾರಗಟ್ಟಲೆ ಹಸಿವೇ ಇಲ್ಲದಿದ್ದರೆ "ವಯಸ್ಸಾಯ್ತು" ಎಂದು ಬಿಡಬೇಡಿ. ಅದರ ಹಿಂದೆ ಕಾಯಿಲೆ ಇರಬಹುದು, ಊರು ಬಿಟ್ಟು ಬಂದ ಬೇಸರವೂ ಇರಬಹುದು.

*ಕೊನೆಯ ಮಾತು*

ನನ್ನ ಆ ರೋಗಿ ಈಗ ಸಿಗರೇಟು ಬಿಟ್ಟಿದ್ದಾರೆ. ಪಾಳಿ ಇನ್ನೂ ಪೂರ್ತಿ ತಪ್ಪಿಲ್ಲ, ಸಂಸಾರ ನಡೆಯಬೇಕಲ್ಲ. ಆದರೆ ರಾತ್ರಿ ಎಂಟಕ್ಕೆ ಮನೆಯಲ್ಲಿ ರೊಟ್ಟಿ ಉಂಡು ಹೊರಡುತ್ತಾರೆ, ಚೀಲದಲ್ಲಿ ಮಜ್ಜಿಗೆ ಬಾಟಲಿ ಇರುತ್ತದೆ. "ಮೊದಲ ಹತ್ತು ದಿನ ಭಾಳ ತ್ರಾಸ ಆತ್ರಿ, ಈಗ ಒಂದು ಗಂಟಿಗೆ ನೆನಪೂ ಆಗಂಗಿಲ್ಲ" ಎಂದು ಹೋದ ಸಲ ಹೇಳಿದರು. ಹೊಟ್ಟೆಯ ಸುತ್ತಳತೆ ಇಳಿದಿದೆ, ಶುಗರ್ ಹತೋಟಿಗೆ ಬಂದಿದೆ. ಹೃದಯದ ಕಳೆದುಹೋದ ಶಕ್ತಿ ಮಾತ್ರ ಪೂರ್ತಿ ಮರಳಿಲ್ಲ. ಆ ಆರು ಗಂಟೆ ಮರಳಿ ಬರುವುದಿಲ್ಲ.

"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದರ ಜೊತೆಗೆ ಯಾವಾಗ ಉಣ್ಣಬೇಕು ಎಂಬುದೂ ಸೇರಿದೆ. ನಾವು ಕನ್ನಡದವರು ಫೋನ್ ಎತ್ತಿದ ಕೂಡಲೇ ಕೇಳುವ ಮಾತು "ಊಟ ಆಯ್ತಾ?" ಇವತ್ತು ರಾತ್ರಿ ದೂರದಲ್ಲಿರುವ ಮಗನಿಗೆ, ಮಗಳಿಗೆ, ಊರಲ್ಲಿರುವ ಅಪ್ಪ-ಅವ್ವನಿಗೆ ಫೋನ್ ಮಾಡಿದಾಗ ಅದರ ಜೊತೆ ಇನ್ನೊಂದು ಮಾತು ಸೇರಿಸಿ: "ಎಷ್ಟು ಗಂಟೆಗೆ ಆಯ್ತು?"

ಉಪಯುಕ್ತ ಎನಿಸಿದರೆ ನಿಮ್ಮ ಮನೆಯ ಗುಂಪಿನಲ್ಲಿ, ಅದರಲ್ಲೂ ರಾತ್ರಿ ಪಾಳಿಯಲ್ಲಿರುವವರಿಗೆ, ಕಳುಹಿಸಿ. ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಮಾತ್ರೆಗಳ ಪ್ರಮಾಣ, ಹೊತ್ತು ಬದಲಿಸುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ.

ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ನಿದ್ದೆ ಮಾಡಿ. ಶುಭವಾಗಲಿ. 🙏